ಬಚ್ಚಲುಮನೆಯ ಜರೀಗಿಡ

ಶಿಡ್ಲಘಟ್ಟದ ಒಂದು ಹೈಸ್ಕೂಲಿನ ಸೈನ್ಸ್ ರೂಮಿನಲ್ಲಿ ಕೋನಪ್ಪ ಅಟೆಂಡರಾಗಿದ್ದ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಹದಿನಾಲ್ಕು ವರ್ಷ ಆ ರೂಮಿನ ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಅವೇ ಪಾಠಗಳನ್ನು ಕೇಳಿ ಕೇಳಿ, ಮೇಷ್ಟ್ರು ಮುಂದೆ ಏನು ಹೇಳುತ್ತಾರೆ ಅನ್ನುವುದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು. ವಯಸ್ಸು ನಲವತ್ತೊಂದು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಚಿಂತಾಮಣಿಗೆ ಕೊಟ್ಟಿದ್ದ. ಮನೆಯಲ್ಲಿ ಒಬ್ಬನೇ ಮುದ್ದೆ ತೊಳಸಿ, ಒಬ್ಬನೇ ಉಂಡು ಮಲಗುತ್ತಿದ್ದ.

ಪ್ರತಿ ವರ್ಷ ಮಳೆ ಹಿಡಿದ ಮೇಲೆ ಸಸ್ಯಗಳ ಪಾಠ ಬರುತ್ತಿತ್ತು. ಅದಕ್ಕೆ ಬೇಕಾದ್ದನ್ನೆಲ್ಲ ತರುವುದು ಕೋನಪ್ಪನ ಕೆಲಸ. ಕೆರೆಯಂಚಿನಿಂದ ಪಾಚಿ, ರೇಷ್ಮೆ ನೂಲು ತೆಗೆಯುವ ಮನೆಗಳ ಹಿಂದಿನ ಒದ್ದೆ ಗೋಡೆಯಿಂದ ಹಾವಸೆ, ತನ್ನ ಅಂಗಳದಿಂದ ದಾಸವಾಳ. ಜರೀಗಿಡಕ್ಕೂ ಸೂಜಿಯೆಲೆ ಮರದ ಕಾಯಿಗೂ ಮಾತ್ರ ನಂದಿ ಬೆಟ್ಟಕ್ಕೇ ಹೋಗಬೇಕಿತ್ತು. ಪುಟ್ಟ ರೈಲಿನಲ್ಲಿ ಹೋಗಿ ನಂದಿಯಲ್ಲಿ ಇಳಿದು, ಬುಡದವರೆಗೆ ನಡೆದು, ಮೆಟ್ಟಿಲು ಹತ್ತಿ ಮೇಲೆ ತಲುಪುವಷ್ಟರಲ್ಲಿ ಮಧ್ಯಾಹ್ನ. ಈಚಿನ ಮೂರು ವರ್ಷ ಬೆಟ್ಟದ ತೋಟದಲ್ಲಿ ಗಿಡಗಳಿಗೆ ನೀರು ಹಾಕುವ ಗಂಗುಲಮ್ಮ ಅನ್ನುವ ಹೆಂಗಸು ಅವನಿಗೆ ಮರ ತೋರಿಸುತ್ತಿದ್ದಳು. ಮೊದಲ ವರ್ಷ ತೋಟದ ಮೇಸ್ತ್ರಿಯೇ ಅವಳನ್ನು ಜೊತೆಗೆ ಕಳಿಸಿದ್ದ. ಆಮೇಲಿನ ಎರಡು ವರ್ಷ ಯಾರೂ ಹೇಳದಿದ್ದರೂ ಬಂದಳು.

ಮೊದಲ ವರ್ಷ ಅವಳು ಅವನನ್ನು "ಅಣ್ಣ" ಅಂದಿದ್ದಳು. ಎರಡನೇ ವರ್ಷ ಏನೂ ಅನ್ನಲಿಲ್ಲ. ಮೂರನೇ ವರ್ಷ "ಏನ್ ಮೇಷ್ಟ್ರೇ, ಬಂದ್ರಾ?" ಅಂದಳು.

"ನಾನು ಮೇಷ್ಟ್ರಲ್ಲಮ್ಮ, ಅಟೆಂಡರು."

"ಯಾರಾದ್ರೇನು? ಇಷ್ಟು ದೂರದಿಂದ ಸೊಪ್ಪು ಹುಡುಕ್ಕೊಂಡು ಬರೋರು ಇನ್ಯಾರಿದಾರೆ?"

ಆ ವರ್ಷ ರೈಲಿನಲ್ಲಿ ವಾಪಸು ಬರುವಾಗ, ಅವಳು ಅಣ್ಣ ಅನ್ನದೆ ಹೋದದ್ದು ತನಗೆ ಯಾಕೆ ಇಷ್ಟು ಸಮಾಧಾನ ಕೊಟ್ಟಿತು ಎಂದು ಕೋನಪ್ಪ ಯೋಚಿಸುತ್ತ ಕೂತ.

ಅದೇ ಮಳೆಗಾಲದಲ್ಲಿ, ಸಾವಿರದ ಒಂಬೈನೂರ ಅರವತ್ತನೇ ಇಸವಿಯಲ್ಲಿ, ಸೈನ್ಸ್ ಮೇಷ್ಟ್ರು ವೆಂಕಟರವಣಪ್ಪನವರು ಬೋರ್ಡಿನ ಮೇಲೆ ಜರೀಗಿಡದ ಚಿತ್ರ ಬಿಡಿಸಿದರು. ಮಕ್ಕಳು ಹೋದ ಮೇಲೆ ಬೋರ್ಡು ಒರೆಸಲು ಬಂದ ಕೋನಪ್ಪನಿಗೆ, "ಸ್ವಲ್ಪ ಇರು ಕೋನಪ್ಪ," ಅಂದರು. ಚಿತ್ರದ ಮೂಲೆಯಲ್ಲಿ ವೀಳ್ಯದೆಲೆ ಆಕಾರದ ಒಂದು ಪುಟ್ಟ ಗೆರೆ ಇತ್ತು. "ಹನ್ನೊಂದು ವರ್ಷದಿಂದ ಇದನ್ನ ಬರೀತಾ ಇದೀನಿ. ಬೇರೆಯವರ ಪುಸ್ತಕ ನೋಡ್ಕೊಂಡು ಬರೀತೀನಿ. ನನ್ನ ಕಣ್ಣಲ್ಲಿ ನಾನೇ ಒಂದು ಸಲಾನೂ ನೋಡಿಲ್ಲ ಕಣಯ್ಯ."

"ಎಲ್ಲಿ ಸಿಗುತ್ತೆ ಸಾರ್?"

"ಸಿಗಲ್ಲ. ಬೆಳೆಸಬೇಕು."

ಹೇಗೆ ಬೆಳೆಸುವುದೆಂದು ಹೇಳಿದರು. ಒಂದು ಇಟ್ಟಿಗೆಯ ಮೇಲೆ ಕುದಿಯುವ ನೀರು ಸುರಿದು ಶುದ್ಧ ಮಾಡಬೇಕು. ಅದನ್ನು ನೀರಿನ ತಟ್ಟೆಯಲ್ಲಿಟ್ಟು, ಜರಿ ಎಲೆಯ ಹಿಂದಿನ ಕಂದು ಪುಡಿಯನ್ನು ಉದುರಿಸಿ, ಗಾಜು ಮುಚ್ಚಬೇಕು. ತಂಪು ಜಾಗ ಬೇಕು, ಬಿಸಿಲು ಬೀಳಬಾರದು, ಒಂದು ದಿನವೂ ಒಣಗಬಾರದು. ಕೋನಪ್ಪ ಹಾಗೇ ಮಾಡಿ ಸೈನ್ಸ್ ರೂಮಿನಲ್ಲಿಟ್ಟ. ಆ ರೂಮಿಗೆ ಶೀಟಿನ ಚಾವಣಿ. ಶನಿವಾರ ಮಧ್ಯಾಹ್ನ ಬಾಗಿಲು ಹಾಕಿದರೆ ಸೋಮವಾರವೇ ತೆಗೆಯುವುದು. ಎರಡನೇ ಸೋಮವಾರ ನೋಡಿದರೆ ಇಟ್ಟಿಗೆ ಒಲೆಯಿಂದ ತೆಗೆದ ಹಾಗೆ ಒಣಗಿತ್ತು.

"ಬೆಟ್ಟದ ಹತ್ರ ಆದ್ರೆ ಬರುತ್ತೇನೋ ಸಾರ್," ಅಂದ ಕೋನಪ್ಪ. "ಅಲ್ಲಿ ನನಗೆ ಗೊತ್ತಿರೋರು ಒಬ್ಬರಿದಾರೆ."

ಆಗಸ್ಟ್ ತಿಂಗಳ ಮೊದಲ ಭಾನುವಾರ ಅವನು ಹೊಸ ಇಟ್ಟಿಗೆ, ತಟ್ಟೆ, ಬಾಯಿ ಸ್ವಲ್ಪ ಒಡೆದಿದ್ದ ಗಾಜಿನ ಜಾಡಿ ಎಲ್ಲವನ್ನೂ ಚೀಲದಲ್ಲಿ ಹೊತ್ತುಕೊಂಡು ಬೆಟ್ಟ ಹತ್ತಿದ. ಗಂಗುಲಮ್ಮ ಪೂರ್ತಿ ಕೇಳಿಸಿಕೊಂಡಳು.

"ಇಲ್ಲಿಟ್ರೆ ಮೇಸ್ತ್ರಿ ಎಸೀತಾರೆ. ನಮ್ಮ ಮನೆ ಬಚ್ಚಲಲ್ಲಿ ಇಡೋಣ. ಅಲ್ಲಿ ಯಾವಾಗ್ಲೂ ತಂಪು."

ಜರಿ ಎಲೆ ಕಿತ್ತುಕೊಂಡು ಇಬ್ಬರೂ ಮೆಟ್ಟಿಲು ಇಳಿಯತೊಡಗಿದರು. ಅವಳ ಮನೆ ಕೆಳಗಡೆ ನಂದಿ ಊರಿನಲ್ಲಿ. ಏಳು ವರ್ಷದ ಹಿಂದೆ ಗಂಡ ಜ್ವರದಲ್ಲಿ ಹೋಗಿದ್ದ. ಆವತ್ತಿನಿಂದ ಅವಳೂ ಅತ್ತೆ ಪೆದ್ದಮ್ಮನೂ ಇಬ್ಬರೇ. ಇಳಿಯುವಾಗ ಅವಳು ಕೇಳಿದಳು.

"ಇದಕ್ಕೆ ಹೂ ಇಲ್ವಾ? ಆರು ವರ್ಷದಿಂದ ನೋಡ್ತಿದೀನಿ, ಒಂದು ದಿನ ಹೂ ಬಿಟ್ಟಿದ್ದು ಕಾಣೆ. ಮತ್ತೆ ಮರಿ ಹೆಂಗಾಗುತ್ತೆ?"

ಕೋನಪ್ಪನಿಗೆ ಹದಿನಾಲ್ಕು ವರ್ಷದಿಂದ ಯಾರೂ ಪ್ರಶ್ನೆ ಕೇಳಿರಲಿಲ್ಲ. ಅವನು ಮೊದಲಿನಿಂದ ಶುರು ಮಾಡಿದ.

"ಪಾಚಿಗೆ ಎಲ್ಲಾ ಸುಲಭ. ಎಳೆ ತುಂಡಾದ್ರೆ ಎರಡು ತುಂಡೂ ಬದುಕ್ಕೊತವೆ. ಕೆಲವು ಸಲ ಎರಡು ಎಳೆ ಪಕ್ಕಪಕ್ಕ ಬಂದು, ಒಂದರ ಒಳಗಿರೋದು ಇನ್ನೊಂದರ ಒಳಕ್ಕೆ..." ಅಷ್ಟಕ್ಕೆ ನಿಂತುಬಿಟ್ಟ. ಪಾಠದಲ್ಲಿ ಕೇಳುವಾಗ ಸರಿಯಾಗಿಯೇ ಇದ್ದ ಮಾತು ಹೆಂಗಸಿನ ಎದುರು ಬಾಯಿಗೆ ಬಂದಾಗ ಬೇರೆ ಥರ ಕೇಳಿಸಿತು.

ಗಂಗುಲಮ್ಮ ಮುಂದಿನ ಮೆಟ್ಟಿಲು ನೋಡುತ್ತ, "ಹೂಂ, ಆಮೇಲೆ?" ಅಂದಳು.

"ಸೂಜಿಯೆಲೆ ಮರಕ್ಕೆ ಗಾಳೀನೇ ಗತಿ. ಗಂಡು ಕಾಯಿ ಪುಡಿ ಗಾಳೀಲಿ ಹಾರಿ ಹೆಣ್ಣು ಕಾಯಿಗೆ ಬೀಳಬೇಕು. ಬೀಜಕ್ಕೆ ಹಣ್ಣಿನ ಹೊದಿಕೆ ಇಲ್ಲ, ಹಂಗೇ ಬತ್ತಲೆ ಕೂತಿರುತ್ತೆ. ದಾಸವಾಳ, ಕುಂಬಳ, ಮಾವು, ಇವೆಲ್ಲಾ ಅನುಕೂಲಸ್ಥರು. ಜೇನು ಬಂದು ಕೆಲಸ ಮಾಡಿಕೊಟ್ಟು ಹೋಗುತ್ತೆ."

"ಹಿಪ್ಪುನೇರಳೆ? ಅದಕ್ಕೆ ಕಡ್ಡಿ ನೆಟ್ರೆ ಸಾಕಲ್ಲ?"

"ಕಡ್ಡಿ ನೆಟ್ರೆ ಅದು ಮಗು ಅಲ್ಲ, ಅದೇ ಗಿಡ ಇನ್ನೊಂದು ಕಡೆ ನಿಂತಂಗೆ ಅಂತಾರೆ ನಮ್ಮ ಸಾರು."

"ಸರಿ, ಇದರ ಸಮಾಚಾರ ಹೇಳಿ," ಅಂದಳು ಕೈಯಲ್ಲಿದ್ದ ಜರಿ ಎಲೆ ತಿರುಗಿಸುತ್ತ.

"ಈ ಪುಡಿ ಬೀಜ ಅಲ್ಲ. ಇದು ಬಿದ್ದ ಕಡೆ ಜರೀಗಿಡ ಹುಟ್ಟಲ್ಲ. ಉಗುರಿಗಿಂತ ಸಣ್ಣದು, ವೀಳ್ಯದೆಲೆ ಥರದ್ದೊಂದು ಹುಟ್ಟುತ್ತೆ. ಅದರ ಅಡಿಯಲ್ಲಿ ಗಂಡೂ ಇರುತ್ತೆ, ಹೆಣ್ಣೂ ಇರುತ್ತೆ. ಗಂಡು ಈಜಿಕೊಂಡು ಹೆಣ್ಣಿನ ಹತ್ರ ಹೋಗಬೇಕು. ಒಂದು ಹನಿ ನೀರಾದ್ರೂ ಬೇಕೇ ಬೇಕು. ಹಾವಸೆಗೂ ಅಷ್ಟೆ, ನೀರಿಲ್ಲದೆ ಆಗಲ್ಲ. ಅವೆರಡು ಸೇರಿದ ಮೇಲೆ ಅಲ್ಲಿಂದ ಜರೀಗಿಡ ಏಳುತ್ತೆ."

ಗಂಗುಲಮ್ಮ ನಿಂತಳು. "ಅಂದ್ರೆ ಗಿಡದ ಮಗು ಗಿಡ ಅಲ್ಲ. ಮೊಮ್ಮಗು ಗಿಡ."

ಸೋಮವಾರ ಕೋನಪ್ಪ ಈ ಮಾತನ್ನು ವೆಂಕಟರವಣಪ್ಪನವರಿಗೆ ಹೇಳಿದ. ಅವರು ಕನ್ನಡಕ ತೆಗೆದು, "ಯಾರಯ್ಯ ಆಕೆ?" ಅಂದರು. ಕೋನಪ್ಪ ಬೋರ್ಡು ಒರೆಸುವ ಬಟ್ಟೆ ಒದರಲು ಹೊರಗೆ ಹೋದ.

ಇಟ್ಟಿಗೆ ನೋಡಿಕೊಂಡು ಬರಲು ಎರಡು ವಾರಕ್ಕೊಂದು ಭಾನುವಾರ ಹೋಗುವುದೆಂದು ಆಯಿತು. ಬರಿಗೈಯಲ್ಲಿ ಹೇಗೆ ಹೋಗುವುದು? ಪೆದ್ದಮ್ಮನಿಗೆ ಎಲೆಅಡಿಕೆ ಒಯ್ಯುತ್ತಿದ್ದ. ಮುದುಕಿಗೆ ಕಣ್ಣು ಮಂಜು, ಕಿವಿ ಚುರುಕು. ತೆಲುಗು ಸೀಮೆಯಿಂದ ಬಂದ ಹೆಣ್ಣು.

"ಏನು ನಾಯನಾ, ಆ ಇಟ್ಟಿಗೆಗೋಸ್ಕರ ಶಿಡ್ಲಘಟ್ಟದಿಂದ ಬರ್ತೀಯಾ?"

"ಹೌದಮ್ಮ."

"ಶಿಡ್ಲಘಟ್ಟದಲ್ಲಿ ಇಟ್ಟಿಗೆ ಸಿಗಲ್ವಾ?"

ಒಳಗಿನಿಂದ ಗಂಗುಲಮ್ಮ ನಕ್ಕದ್ದು ಕೇಳಿಸಿತು. ಕೋನಪ್ಪ ಅವಳು ನಕ್ಕದ್ದನ್ನು ಅದೇ ಮೊದಲು ಕೇಳಿದ್ದು.

ಆಗಸ್ಟ್ ಕೊನೆಗೆ ಇಟ್ಟಿಗೆಯ ಮೇಲೆ ಹಸಿರು ಬಣ್ಣ ಬಳಿದ ಹಾಗೆ ಕಾಣಿಸಿತು. ಸೆಪ್ಟೆಂಬರಿನಲ್ಲಿ ಆ ಹಸಿರು ಸಾಸಿವೆ ಕಾಳಿನ ಹಾಗೆ ಬಿಡಿಬಿಡಿಯಾಯಿತು. ಗಂಗುಲಮ್ಮ ಕೆಲಸಕ್ಕೆ ಹೋಗುವ ಮುಂಚೆ ತಟ್ಟೆಗೆ ನೀರು ಹಾಕುತ್ತಿದ್ದಳು, ಬಂದ ತಕ್ಷಣ ನೋಡುತ್ತಿದ್ದಳು. ಗಂಡ ಹೋದ ಮೇಲೆ ಆ ಮನೆಯಲ್ಲಿ ಹೊಸದಾಗಿ ಏನಾದರೂ ಬೆಳೆದಿದ್ದರೆ ಅದೊಂದೇ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸಂಜೆ ಗಂಗುಲಮ್ಮ ಬೆಟ್ಟದಿಂದ ಇಳಿದು ಬಂದು ಬಚ್ಚಲಿಗೆ ಹೋದರೆ ಗಾಜಿನ ಜಾಡಿ ಪಕ್ಕದಲ್ಲಿ ಕವುಚಿ ಬಿದ್ದಿತ್ತು. ಇಟ್ಟಿಗೆ ಕೆಂಪಗೆ, ನುಣ್ಣಗೆ, ತೊಳೆದಿಟ್ಟ ಹಾಗಿತ್ತು.

"ಅತ್ತೇ, ಇಟ್ಟಿಗೆ ಏನ್ ಮಾಡಿದ್ರಿ?"

"ಕಾಲು ಉಜ್ಜಿಕೊಂಡೆ ಕಣಮ್ಮ. ಹಿಮ್ಮಡಿ ಒಡೆದು ಉರೀತಾ ಇತ್ತು. ಪಾಚಿ ಹಿಡಿದು ಜಾರ್ತಾ ಇತ್ತು, ಬೂದಿ ಹಾಕಿ ಚೆನ್ನಾಗಿ ತಿಕ್ಕಿಟ್ಟೆ." ಆಮೇಲೆ ಸೊಸೆ ಮಾತಾಡದೆ ನಿಂತಿರುವುದು ತಿಳಿದು, "ಅಯ್ಯೋ ದೇವುಡಾ, ಅದೇನಾ ಇದು?" ಅಂದಳು.

ಗಂಗುಲಮ್ಮ ಅತ್ತೆಯನ್ನು ಬಯ್ಯಲಿಲ್ಲ. ಕಣ್ಣು ಕಾಣದವಳನ್ನು ಏನೆಂದು ಬಯ್ಯುವುದು? ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ಬಚ್ಚಲಲ್ಲೇ ಕೂತಳು. ಸಂಕಟ ಆ ಹಸಿರು ಹೋದದ್ದಕ್ಕಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಇಟ್ಟಿಗೆಯ ಮೇಲೆ ಏನೂ ಇಲ್ಲವೆಂದರೆ ಅವನು ಇನ್ನು ಬರುವುದಿಲ್ಲ. ಮತ್ತೆ ಮುಂದಿನ ಮಳೆಗಾಲಕ್ಕೆ ಒಂದು ದಿನ, ಅರ್ಧ ಗಂಟೆ.

ಭಾನುವಾರ ಕೋನಪ್ಪ ಬಂದಾಗ ಅವಳು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹೇಳಿ ತಲೆ ತಗ್ಗಿಸಿದಳು. ಆಮೇಲೆ ತಲೆ ಎತ್ತಿ ನೋಡಿದರೆ ಅವನ ಮುಖದಲ್ಲಿ ಬೇಸರವೇ ಇರಲಿಲ್ಲ. ಒಳಗಿನ ಖುಷಿ ಮುಚ್ಚಿಡುವುದಕ್ಕೂ ಅವನಿಗೆ ಬರುತ್ತಿರಲಿಲ್ಲ.

"ಹಂಗಾದ್ರೆ ಮೊದಲಿಂದ ಹಾಕಬೇಕು," ಅಂದ. "ಇನ್ನೊಂದು ಆರು ತಿಂಗಳು ಹಿಡಿಯುತ್ತೆ."

"ಆರು ತಿಂಗಳಾ?"

"ಕಮ್ಮಿ ಅಂದ್ರೂ ಐದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಒಲೆಗೆ ನೀರಿಟ್ಟಳು, ಇಟ್ಟಿಗೆಗೆ ಸುರಿಯುವುದಕ್ಕೆ. ಪೆದ್ದಮ್ಮ ಜಗಲಿಯ ಮೇಲೆ ಕೂತು ಅಡಿಕೆ ಕುಟ್ಟುತ್ತ ಎಲ್ಲ ಕೇಳಿಸಿಕೊಂಡಳು. ಆ ದಿನದಿಂದ ಇಟ್ಟಿಗೆಗೆ ಕಾವಲು ಅವಳೇ. ಪಕ್ಕದ ಮನೆ ಹೆಂಗಸು ಬಚ್ಚಲ ಕಡೆ ಬಂದರೂ, "ಅಲ್ಲಿ ಗಂಗೀ ಗಿಡ ಇದೆ, ಮುಟ್ಟಬೇಡ," ಅಂತ ಕೂಗುತ್ತಿದ್ದಳು.

ಈ ಸಲ ಬೆಳೆ ಚೆನ್ನಾಗಿ ಹಿಡಿಯಿತು. ಡಿಸೆಂಬರ್ ಕೊನೆಗೆ ವೀಳ್ಯದೆಲೆಗಳು ಮೂಡಿದವು. ಒಂದೊಂದೂ ಕೆಂಪಿರುವೆಯಷ್ಟು ಅಗಲ, ತೆಳ್ಳಗೆ, ಒಳಗಿನಿಂದ ಬೆಳಕು ಬರುವಂಥ ಹಸಿರು. ಕೋನಪ್ಪ ವೆಂಕಟರವಣಪ್ಪನವರನ್ನು ಕೇಳಿ ಸ್ಕೂಲಿನ ಭೂತಗಾಜನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದ. ಹಿತ್ತಲ ಬಾಗಿಲ ಬೆಳಕಿಗೆ ಇಟ್ಟಿಗೆ ತಂದಿಟ್ಟು ಇಬ್ಬರೂ ಕುಕ್ಕರಗಾಲಲ್ಲಿ ಕೂತರು. ಭೂತಗಾಜು ಒಂದೇ ಇದ್ದದ್ದರಿಂದ ತಲೆಗಳು ಹತ್ತಿರ ಬಂದವು. ಅವಳ ಕೂದಲಲ್ಲಿ ಹರಳೆಣ್ಣೆಯ ವಾಸನೆ ಇತ್ತು.

"ಎಷ್ಟು ಚೆಂದ ಇದೆ," ಅಂದಳು. "ಗಂಡು ಎಲ್ಲಿ, ಹೆಣ್ಣು ಎಲ್ಲಿ?"

"ಇಷ್ಟು ಗಾಜಿಗೆ ಕಾಣಲ್ಲ. ಅಡಿಯಲ್ಲಿ ಇರುತ್ತೆ. ಮೇಲಿನ ಬಾಗು ಇದೆಯಲ್ಲ, ಅದರ ಹತ್ರ ಹೆಣ್ಣು. ಗಂಡು ಕೆಳಗೆ, ಬೇರಿನ ಕಡೆ."

"ದೂರ ಇದೆ."

"ಅದಕ್ಕೆ ದೂರವೇ. ಈಗ ನೀರು ಹಾಕಬೇಕಂತೆ, ಮೇಲಿಂದ, ಮಳೆ ಬಿದ್ದಂಗೆ. ಸಾರು ಹೇಳಿದಾರೆ." ಜೇಬಿನಿಂದ ಮಸಿ ತುಂಬುವ ಪಿಲ್ಲರು ತೆಗೆದು ಅವಳ ಕೈಗೆ ಕೊಟ್ಟ. "ನೀನೇ ಹಾಕು."

ಅವನು ಅವಳನ್ನು ನೀನು ಅಂದದ್ದು ಅದೇ ಮೊದಲಲ್ಲ. ಆದರೆ ಆವತ್ತು ಆ ಮಾತು ಬೇರೆ ಕಡೆಯಿಂದ ಬಂದ ಹಾಗಿತ್ತು. ಗಂಗುಲಮ್ಮ ಉಸಿರು ಹಿಡಿದು ಹನಿಹನಿಯಾಗಿ ನೀರು ಬಿಟ್ಟಳು. ಎಲೆಗಳು ಒಂದೊಂದಾಗಿ ಅಲುಗಿ ಹೊಳೆದವು. ಸ್ವಲ್ಪ ಹೊತ್ತು ಇಬ್ಬರೂ ಏಳಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಒಂದು ವೀಳ್ಯದೆಲೆಯ ಬಾಗಿನಿಂದ ಎಳೆ ಜರಿ ಎಲೆಯೊಂದು ಎದ್ದು ನಿಂತಿತು. ಬತ್ತದ ಕಾಳಿನಷ್ಟು ಉದ್ದ. ವೆಂಕಟರವಣಪ್ಪನವರು, "ಇಟ್ಟಿಗೆ ತಗೊಂಡು ಬಾ, ಬೆಳೆಸಿದೋರನ್ನೂ ಕರ್ಕೊಂಡು ಬಾ," ಅಂದರು. ಗಂಗುಲಮ್ಮ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಇಟ್ಟಿಗೆಯನ್ನು ಒದ್ದೆ ಗೋಣಿ ಹಾಸಿದ ಬುಟ್ಟಿಯಲ್ಲಿಟ್ಟು, ನಂದಿಯಿಂದ ಶಿಡ್ಲಘಟ್ಟದವರೆಗೆ ತೊಡೆಯ ಮೇಲಿಂದ ಇಳಿಸದೆ ತಂದಳು.

ನಲವತ್ತಮೂರು ಮಕ್ಕಳು ಸಾಲಾಗಿ ಬಂದು ನೋಡಿದರು. ಕೆಲವರಿಗೆ ಕಂಡಿತು, ಕೆಲವರು ಕಂಡಿತು ಅಂದರು. ಎಲ್ಲರ ಕೊನೆಗೆ ವೆಂಕಟರವಣಪ್ಪನವರು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣು ಒದ್ದೆಯಾಗಿತ್ತು. "ನಾನು ಬರೆದಿದ್ದು ಸರಿಯಾಗೇ ಇದೆ," ಅಂದರು, ಅದು ತಮಗೇ ಆಶ್ಚರ್ಯವೆಂಬಂತೆ. ಆಮೇಲೆ ಗಂಗುಲಮ್ಮನ ಕಡೆ ತಿರುಗಿ, "ಕೂತ್ಕೊಳ್ಳಮ್ಮ," ಎಂದು ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು. ಅವಳು ಕೂರಲಿಲ್ಲ. ಆದರೆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

ಸಂಜೆ ಕೋನಪ್ಪ ಸ್ಟೇಷನ್ನಿನವರೆಗೆ ಬಂದ. ರೈಲು ಇನ್ನೂ ಬಂದಿರಲಿಲ್ಲ. ಬುಟ್ಟಿ ಖಾಲಿಯಾಗಿತ್ತು. ಇಟ್ಟಿಗೆ ಸ್ಕೂಲಿನಲ್ಲೇ ಉಳಿದಿತ್ತು.

"ಇನ್ನು ನೀವು ನಂದಿಗೆ ಬರಲ್ಲ," ಅಂದಳು.

"ಬರ್ತೀನಿ."

"ಯಾತಕ್ಕೆ?"

ಕೋನಪ್ಪ ಹಳಿಯ ಕಡೆ ನೋಡಿದ. ಆ ಹೊತ್ತಿಗೆ ಹೇಳಬಹುದಾದ ಬೇರೆ ಬೇರೆ ಕಾರಣಗಳು ತಲೆಗೆ ಬಂದವು. ಒಂದನ್ನೂ ಹೇಳಲು ಮನಸ್ಸಾಗಲಿಲ್ಲ.

"ನಿನ್ನ ನೋಡಕ್ಕೆ."

ಅವಳು ಬುಟ್ಟಿಯ ಅಂಚು ಹಿಡಿದುಕೊಂಡಳು. "ಅತ್ತೆ ಇದಾರೆ," ಅಂದಳು. "ನಾನು ಬಿಟ್ಟು ಬರಕ್ಕಾಗಲ್ಲ. ಅವರಿಗೆ ಕಣ್ಣಿಲ್ಲ, ಮಗ ಇಲ್ಲ."

"ಬಿಟ್ಟು ಬಾ ಅಂತ ನಾನೆಲ್ಲಿ ಅಂದೆ?"

ರೈಲು ಬಂತು. ಅವಳು ಹತ್ತಿದಳು. ರೈಲು ತಿರುವಿನಲ್ಲಿ ಮರೆಯಾಗುವ ತನಕ ಕಿಟಕಿಯಲ್ಲಿ ಅವಳ ಮುಖ ಹಿಂದಕ್ಕೇ ತಿರುಗಿತ್ತು.

ಮುಂದಿನ ಭಾನುವಾರ ಕೋನಪ್ಪ ಪೆದ್ದಮ್ಮನ ಎದುರು ಜಗಲಿಯ ಮೇಲೆ ಕೂತ. ಗಂಗುಲಮ್ಮ ಬೇಕೆಂದೇ ನೀರಿಗೆ ಹೋಗಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಮುದುಕಿ ಶುರು ಮಾಡಿದಳು.

"ನನ್ನ ಮಗ ಹೋದಾಗ ಅವಳಿಗೆ ಇಪ್ಪತ್ತೆಂಟು. ತವರಿಗೆ ಹೋಗು, ನಿನ್ನ ಬದುಕು ನೋಡ್ಕೋ ಅಂದೆ. ನಮ್ಮಲ್ಲಿ ಹೆಣ್ಣು ಇನ್ನೊಂದು ಸಲ ಕೂಡಿಕೆ ಆಗೋದು ತಪ್ಪಲ್ಲ. ಹೋಗಲಿಲ್ಲ. ಏಳು ವರ್ಷ ನನ್ನ ತಲೆ ಬಾಚಿದಾಳೆ, ನಾಯನಾ." ಮುದುಕಿ ಎಲೆಅಡಿಕೆ ಪಕ್ಕಕ್ಕಿಟ್ಟಳು. "ಕರ್ಕೊಂಡು ಹೋಗು. ನನ್ನ ಬಗ್ಗೆ ಯೋಚನೆ ಮಾಡಬೇಡ. ಇಲ್ಲಿ ಯಾರಾದ್ರೂ ಒಂದು ಮುದ್ದೆ ಹಾಕ್ತಾರೆ."

"ನೀವೂ ಬರ್ತೀರಮ್ಮ. ಅದನ್ನೇ ಕೇಳಕ್ಕೆ ಬಂದೆ."

"ನಾನಾ? ಸೊಸೆಯ ಹೊಸ ಗಂಡನ ಮನೇಲಿ ಹಳೇ ಅತ್ತೆ! ಊರೋರು ಕೇಳಿದ್ರೆ ಇವರು ನನಗೆ ಏನಾಗಬೇಕು ಅಂತ ಹೇಳ್ತೀಯಾ?"

ಕೋನಪ್ಪ ನಿಜವಾಗಿಯೂ ಯೋಚನೆ ಮಾಡಿದ. ಅಂಥ ನೆಂಟಸ್ತಿಕೆಗೆ ಹೆಸರು ಅವನಿಗೆ ತಿಳಿದಿರಲಿಲ್ಲ.

"ಅದೇನೋ ಗೊತ್ತಿಲ್ಲಮ್ಮ," ಅಂದ. "ನನಗೂ ತಾಯಿಲ್ಲ."

ಪೆದ್ದಮ್ಮ ಕೈ ಚಾಚಿ ಅವನ ಮುಖವನ್ನು ಹುಡುಕಿದಳು. ಹಣೆ, ಮೂಗು, ಮೀಸೆ, ಗಲ್ಲ ಎಲ್ಲ ಬೆರಳಲ್ಲಿ ಮುಟ್ಟಿ ನೋಡಿದಳು. "ಪರವಾಗಿಲ್ಲ, ಮುಖ ಚೆನ್ನಾಗೇ ಇದೆ," ಅಂದಳು. ಬಿಂದಿಗೆ ಹೊತ್ತು ಅಷ್ಟರಲ್ಲಿ ಬಂದಿದ್ದ ಗಂಗುಲಮ್ಮ ಅದನ್ನು ಇಳಿಸುವುದನ್ನೂ ಮರೆತು ಬಾಗಿಲಲ್ಲೇ ನಿಂತಿದ್ದಳು.

ಪರೀಕ್ಷೆ ಮುಗಿದು ಸ್ಕೂಲಿಗೆ ರಜಾ ಬಂದ ಮೇಲೆ, ಕುಲದ ನಾಲ್ಕು ಜನ ಹಿರಿಯರ ಮುಂದೆ ಕೂಡಿಕೆ ಆಯಿತು. ಚಿಂತಾಮಣಿಯಿಂದ ಮಗಳು ಮಂಗಮ್ಮ ಬಂದು ಹೊಸ ಚಿಕ್ಕಮ್ಮನಿಗೆ ಬಳೆ ತೊಡಿಸಿದಳು. ವೆಂಕಟರವಣಪ್ಪನವರು ಒಂದು ಜೊತೆ ಪಂಚೆ, ಒಂದು ಸೀರೆ ತಂದು ಕೊಟ್ಟು, ಪಂಕ್ತಿಯಲ್ಲಿ ಕೂತು ಊಟ ಮಾಡಿಕೊಂಡೇ ಹೋದರು.

ಮೂರನೇ ದಿನ ನಂದಿಯ ಮನೆಗೆ ಬೀಗ ಹಾಕಿ ಮೂವರೂ ಸ್ಟೇಷನ್ನಿಗೆ ಬಂದರು. ಎಪ್ಪತ್ತು ದಾಟಿದ ಪೆದ್ದಮ್ಮ ಆವರೆಗೆ ರೈಲು ಹತ್ತಿದವಳಲ್ಲ. ದಿನಾ ಸದ್ದು ಕೇಳಿದ್ದಳು ಅಷ್ಟೆ. ಕೋನಪ್ಪ ಅವಳನ್ನು ಎತ್ತಿ ಹತ್ತಿಸಿ ಕಿಟಕಿ ಪಕ್ಕ ಕೂರಿಸಿದ. ಗಂಗುಲಮ್ಮ ಎದುರಿಗೆ ಗಂಟುಮೂಟೆಯ ನಡುವೆ ಕೂತಳು. ಸಿಳ್ಳೆ ಹಾಕಿ ರೈಲು ಜಗ್ಗಿದ ಕೂಡಲೆ ಮುದುಕಿ ಕೋನಪ್ಪನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೆಲ್ಲಗೆ ಹೋಗಕ್ಕೆ ಹೇಳು ನಾಯನಾ."

"ಹೇಳಿದೀನಮ್ಮ," ಅಂದ ಕೋನಪ್ಪ. "ಮೆಲ್ಲಗೇ ಹೋಗ್ತಾನೆ."